ನರದ ಬಯಾಪ್ಸಿ: ಮೊದಲು ಸಿವುಡು, ಆಮೇಲೆ ಕಡ್ಡಿ

ರಾಯಚೂರಿನಲ್ಲಿ ಪೆಥಾಲಜಿ ಓದುತ್ತಿದ್ದಾಗ ನಾನು ಬರೆದ ಮೊದಲ ನರದ ವರದಿ ಹೀಗಿತ್ತು: ‘ದೀರ್ಘಕಾಲದ ಆಕ್ಸಾನ್ (ನರತಂತುವಿನ ಒಳ ಎಳೆ) ಹಾನಿ, ನಿರ್ದಿಷ್ಟ ಕಾರಣ ಕಾಣದು’. ಮೇಡಂ ಪಕ್ಕದಲ್ಲಿ ‘ಫೈಟ್ ಮಾಡಿಸಿದ್ದೀಯಾ?’ ಎಂದು ಗೀಚಿ ವಾಪಸು ಕೊಟ್ಟರು. ಫೈಟ್ ಎಂದರೆ ಕುಷ್ಠದ ರೋಗಾಣು (ಬ್ಯಾಸಿಲಸ್) ಹುಡುಕಲು ಹಚ್ಚುವ ಬಣ್ಣ. ಮಾಡಿಸಿರಲಿಲ್ಲ.

ಮೊದಲು ಸಣ್ಣ ಲೆನ್ಸಿನಲ್ಲೇ ನೋಡಿ. ಅಡ್ಡ ಕೊಯ್ದ ನರವೆಂದರೆ ಜೋಳದ ಸಿವುಡುಗಳನ್ನು ಒಟ್ಟಿಗೆ ಬಿಗಿದಂತೆ. ಒಂದೊಂದು ಸಿವುಡು ಒಂದೊಂದು ಫ್ಯಾಸಿಕಲ್, ಅಂದರೆ ನರತಂತುಗಳ ಕಟ್ಟು. ಎಲ್ಲದರಲ್ಲೂ ತಂತುಗಳು ಸರಿಸುಮಾರು ಸಮನಾಗಿ ತೆಳುವಾಗಿದ್ದರೆ ಮದ್ಯ, ವಿಟಮಿನ್ ಕೊರತೆ, ಮಧುಮೇಹದಂಥ ಮೈಗೆಲ್ಲ ತಟ್ಟುವ ಕಾರಣಗಳನ್ನು ನೆನೆಯಿರಿ. ಒಂದು ಸಿವುಡು ತುಂಬಿದ್ದು ಪಕ್ಕದ್ದು ಬರಿದಾಗಿದ್ದರೆ ವ್ಯಾಸ್ಕುಲೈಟಿಸ್ (ರಕ್ತನಾಳದ ಉರಿಯೂತ) ಇರಬಹುದು. ಸಿವುಡುಗಳನ್ನು ಸುತ್ತಿದ ಹೊದಿಕೆ, ಅಂದರೆ ಎಪಿನ್ಯೂರಿಯಂನ ರಕ್ತನಾಳಗಳ ಗೋಡೆಯಲ್ಲಿ ಅದರ ಗುರುತು ಹುಡುಕಿ, ಸಿಗದಿದ್ದರೆ ಇನ್ನೂ ಆಳದ ಕೊಯ್ತಗಳನ್ನು ಕೇಳಿ. ಆ ಗಾಯ ತುಂಡುತುಂಡಾಗಿ ಇರುವುದರಿಂದ ಒಂದೇ ಸ್ಲೈಡನ್ನು ನಂಬುವಂತಿಲ್ಲ.

ಆಮೇಲೆ ಕಡ್ಡಿ, ಅಂದರೆ ಸಿವುಡಿನೊಳಗಿನ ಒಂದೊಂದು ತಂತು. ಸತ್ತದ್ದು ಒಳಗಿನ ಆಕ್ಸಾನೋ, ಕಳಚಿದ್ದು ಮೇಲಿನ ಮಯಲಿನ್ ಹೊದಿಕೆಯೋ? ಸಣ್ಣ ತಂತುಗಳು ಗುಂಪುಗಟ್ಟಿ ನಿಂತಿದ್ದರೆ ಅದು ಸತ್ತ ಆಕ್ಸಾನ್ ಮತ್ತೆ ಚಿಗುರಿದ ಗುರುತು. ದಪ್ಪ ಆಕ್ಸಾನಿಗೆ ತೆಳು ಹೊದಿಕೆಯಿದ್ದರೆ ಮಯಲಿನ್ ಕಳಚಿ ಮತ್ತೆ ಕಟ್ಟಿಕೊಂಡಿದೆ. ಇದು ಹಲವು ಬಾರಿ ನಡೆದರೆ ಸುತ್ತ ಮಯಲಿನ್ ಕಟ್ಟುವ ಷ್ವಾನ್ ಕೋಶಗಳ ಪದರಗಳು ಈರುಳ್ಳಿಯಂತೆ ಕಾಣುತ್ತವೆ. ಬಹುತೇಕ ಎಲ್ಲ ತಂತುಗಳಿಗೂ ಈರುಳ್ಳಿ ಇದ್ದರೆ ವಂಶದ ಕಾಯಿಲೆ ಹೆಚ್ಚು ಸಂಭವ. ಅಲ್ಲಲ್ಲಿ ಮಾತ್ರ ಇದ್ದರೆ ಸಿಐಡಿಪಿ (ದೇಹದ ರೋಗನಿರೋಧ ವ್ಯವಸ್ಥೆಯೇ ಮಯಲಿನ್ ಕಳಚುವ ದೀರ್ಘಕಾಲದ ಕಾಯಿಲೆ) ಹೆಚ್ಚು ಸಂಭವ. ಇದನ್ನೆಲ್ಲ ಮೇಣದಲ್ಲಿ ಹುದುಗಿಸಿ ಕೊಯ್ದ ಮಾಮೂಲಿ ಪ್ಯಾರಾಫಿನ್ ಸ್ಲೈಡಿನಲ್ಲಿ ನಂಬಿಕೆಯಿಂದ ಓದಲಾಗದು. ರಾಳದಲ್ಲಿ ಹುದುಗಿಸಿ ಟೊಲುಯಿಡಿನ್ ನೀಲಿ ಹಚ್ಚಿದ ತೆಳು ಕೊಯ್ತ ಬೇಕು. ಹಾಗಾಗಿ ಶಸ್ತ್ರಚಿಕಿತ್ಸಕರು ಪೂರ್ತಿ ತುಣುಕನ್ನು ಫಾರ್ಮಲಿನ್‌ಗೆ ಹಾಕುವ ಮೊದಲೇ ಒಂದು ಭಾಗ ರಾಳದ ಕೊಯ್ತಕ್ಕೆ ಹೊಂದುವ ದ್ರಾವಣವಾದ ಗ್ಲುಟರಾಲ್ಡಿಹೈಡ್‌ಗೆ ಎಂದು ಹೇಳಿಡಿ.

ಈಗ ಮೇಡಂ ಕೇಳಿದ ಫೈಟ್. ಕುಷ್ಠದ ಬ್ಯಾಸಿಲಸ್ ದೇಹದ ತಂಪಾದ ಕಡೆ, ಚರ್ಮದ ಹತ್ತಿರದ ನರಗಳಲ್ಲಿ, ಷ್ವಾನ್ ಕೋಶದೊಳಗೆ ಬೀಡುಬಿಡುತ್ತದೆ. ಅದರ ಮೇಣದ ಕವಚ ದುರ್ಬಲವಾದ್ದರಿಂದ ಕ್ಷಯಕ್ಕೆ ಬಳಸುವ ಮಾಮೂಲಿ ಬಣ್ಣ ತೊಳೆದುಹೋಗಬಹುದು. ಫೈಟ್-ಫರಾಕೊ ವಿಧಾನದಲ್ಲಿ ಪ್ಯಾರಾಫಿನ್ ತೆಗೆಯುವಾಗ ಸೈಲೀನ್ ಜೊತೆ ಶೇಂಗಾ ಎಣ್ಣೆ ಸೇರಿಸುತ್ತಾರೆ, ಆ ಕವಚ ಉಳಿಯಲೆಂದು. ಶೇಂಗಾ ಬೆಳೆಯುವ ನಮಗೆ ಇದು ಮರೆಯುವ ಮಾತೇ ಅಲ್ಲ. ಲೆಪ್ರೊಮ್ಯಾಟಸ್ ಬಗೆಯ ಕುಷ್ಠದಲ್ಲಿ ನೊರೆಯಂಥ ಕೋಶಗಳ ತುಂಬ ಬ್ಯಾಸಿಲಸ್ ಇರುತ್ತವೆ. ಟ್ಯೂಬರ್ಕ್ಯುಲಾಯ್ಡ್ ಬಗೆಯಲ್ಲಿ ಒಂದೂ ಸಿಗದೇ ಹೋಗಬಹುದು. ಅಲ್ಲಿ ಫ್ಯಾಸಿಕಲ್ ಒಳಗಿನ ಗ್ರ್ಯಾನ್ಯುಲೋಮಾವೇ (ಉರಿಯೂತದ ಕೋಶಗಳ ಗಂಟು) ಸಾಕ್ಷಿ. ಬಣ್ಣ ನಕಾರಾತ್ಮಕ ಎಂದಷ್ಟೇ ಬರೆದು ಕುಷ್ಠವನ್ನು ತಳ್ಳಿಹಾಕಬೇಡಿ.

ಬಯಾಪ್ಸಿಗೆಂದು ಕಣಕಾಲಿನ ಬಳಿಯ ಸ್ಯೂರಲ್ ನರ ತೆಗೆದ ಮೇಲೆ ಪಾದದ ಹೊರಬದಿ ಜೋಮು ಹಿಡಿದು ಹಾಗೆಯೇ ಉಳಿಯಬಹುದು. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಇದನ್ನು ಒಪ್ಪಿಗೆ ಪತ್ರ ಮುಂದಿಡುವ ಮೊದಲೇ ಹೇಳಬೇಕು.