ಜಿರಳೆಯ ಹೊಟ್ಟೆ, ಹಲ್ಲಿಯ ಊಟ

ಜಿರಳೆ ಕಂಡರೆ ಚಪ್ಪಲಿ ಹುಡುಕುವವರೇ ಜಾಸ್ತಿ. ಬೇಕು ಅಂತಲೇ ನೂರಾರು ಸಾಕುವವರೂ ಇದ್ದಾರೆ, ನಾನೂ ಅದರಲ್ಲಿ ಒಬ್ಬ. ಬಿಯರ್ಡೆಡ್ ಡ್ರ್ಯಾಗನ್, ಗೆಕ್ಕೊ ಎಂಬ ಹಲ್ಲಿಗಳನ್ನೋ ಟ್ಯಾರಂಟುಲಾ ಎಂಬ ದೊಡ್ಡ ಜೇಡವನ್ನೋ ಸಾಕಿದ ಮೇಲೆ ಅವಕ್ಕೆ ಜೀವಂತ ಹುಳ ಬೇಕಲ್ವಾ? ಬಚ್ಚಲಲ್ಲಿ ಓಡಾಡುವುದನ್ನು ಹಿಡಿದು ಹಾಕೋಣ ಅಂದರೆ ಅದು ಯಾವ ವಿಷ ತಿಂದು ಬಂದಿದೆಯೋ.

ಸಾಕಲು ಸುಲಭವಾದದ್ದು ದಕ್ಷಿಣ ಅಮೆರಿಕದ ಡೂಬಿಯಾ ಎಂಬ ಜಿರಳೆ. ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತಲು ಇದಕ್ಕೆ ಬರುವುದಿಲ್ಲ. ಗಂಡಿಗೆ ಪೂರ್ತಿ ರೆಕ್ಕೆ ಇದ್ದರೂ ಹಾರಾಟ ಅಷ್ಟಕ್ಕಷ್ಟೇ, ಹೆಣ್ಣಿಗಂತೂ ಮೊಂಡು ರೆಕ್ಕೆ. ಗಾಳಿಯಾಡುವ ಎತ್ತರದ ಡಬ್ಬಿ, ಒಳಗೆ ರಟ್ಟಿನ ಮೊಟ್ಟೆ ಟ್ರೇ ಇದ್ದರೆ ಸಾಕು. ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ, ಹಿಕ್ಕೆ ಕೆಳಗೆ ಉದುರುತ್ತದೆ. ಅದನ್ನು ಬಳಿಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ.

ಮರಿ ಬೇಕಾದರೆ 27ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಸ್ವಲ್ಪ ತಂಪಾದರೆ ಸಾಯುವುದಿಲ್ಲ, ಸುಮ್ನೆ ಕೂತುಬಿಡುತ್ತವೆ. ಒಮ್ಮೆ ಹೆಣ್ಣೊಂದರ ಹಿಂಬದಿಯಿಂದ ತಿಳಿಹಳದಿ ಮೊಟ್ಟೆಚೀಲ ಹೊರಬರುತ್ತಿತ್ತು. ಏನೋ ಎಡವಟ್ಟಾಯಿತು ಅಂದುಕೊಂಡೆ. ನೋಡುತ್ತಿದ್ದಂತೆ ಅದನ್ನು ನಿಧಾನಕ್ಕೆ ಮತ್ತೆ ಒಳಗೇ ಎಳೆದುಕೊಂಡಿತು! ಡೂಬಿಯಾ ಮೊಟ್ಟೆಯನ್ನು ಹೊಟ್ಟೆಯೊಳಗೇ ಕಾಪಾಡಿ ಮರಿ ಹಾಕುತ್ತದೆ. ಹುಟ್ಟಿದ ಮರಿ ಬೆಳ್ಳಗೆ, ಮೆತ್ತಗೆ ಇರುತ್ತದೆ, ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ.

ಎಲ್ಲರೂ ಎಡವುವುದು ಊಟದ ವಿಷಯದಲ್ಲಿ. ಬೇಗ ದಪ್ಪಗಾಗಲಿ ಅಂತ ಪ್ರೋಟೀನ್ ತುಂಬಿದ ಬೆಕ್ಕಿನ ಆಹಾರ ಸುರಿಯುತ್ತಾರೆ. ಪ್ರೋಟೀನಿನಿಂದ ಬರುವ ಹೆಚ್ಚಾದ ಸಾರಜನಕವನ್ನು ನಾವು ಮೂತ್ರದಲ್ಲಿ ಕಳೆದುಕೊಳ್ಳುತ್ತೇವೆ, ಜಿರಳೆ ಮಾತ್ರ ಅದನ್ನು ಯೂರಿಕ್ ಆಮ್ಲ ಮಾಡಿ ಮೈಯೊಳಗಿನ ಕೊಬ್ಬಿನಲ್ಲಿ ಕೂಡಿಡುತ್ತದೆ. ಅದೇ ಕೊಬ್ಬಿನಲ್ಲಿ ಬ್ಲಾಟಾಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಬಿಡಾರ. ತಾಯಿಯಿಂದ ಮೊಟ್ಟೆಗೆ ದಾಟಿ ಬರುವ ಇದು, ಪ್ರೋಟೀನ್ ಸಿಗದ ದಿನಗಳಲ್ಲಿ ಆ ದಾಸ್ತಾನಿನ ಸಾರಜನಕದಿಂದ ಅಮೈನೊ ಆಮ್ಲ ತಯಾರಿಸಿ ಕೊಡುತ್ತದೆ. ಬರಗಾಲಕ್ಕೆ ಕಣಜ ಇದ್ದ ಹಾಗೆ. ಆದರೆ ದಿನವೂ ಪ್ರೋಟೀನ್ ಸುರಿದರೆ ಕಣಜ ತುಂಬುತ್ತಲೇ ಹೋಗುತ್ತದೆ, ಅದು ಹೋಗಿ ಸೇರುವುದು ಹಲ್ಲಿಯ ಹೊಟ್ಟೆಗೆ. ಹಲ್ಲಿಯ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾದರೆ ಕೀಲುಗಳಲ್ಲಿ, ಒಳಾಂಗಗಳಲ್ಲಿ ಅದರ ಹರಳು ಕಟ್ಟುವ ಗೌಟ್ ರೋಗ ಬರಬಹುದು. ಆ ಭಯಕ್ಕೇ ನಾನು ಪ್ರೋಟೀನಿಗೆ ಕೈ ಬಿಗಿ ಹಿಡಿಯುತ್ತೇನೆ, ಕ್ಯಾರೆಟ್ಟು, ಸೊಪ್ಪು ಧಾರಾಳವಾಗಿ ಹಾಕುತ್ತೇನೆ. ತೇವದ ಊಟ ಮಾತ್ರ ಕೊಳೆಯಲು ಬಿಡಬೇಡಿ, ನುಸಿ ಬರುತ್ತದೆ.

ಜಿರಳೆಗೆ ಮೂಳೆ ಇಲ್ಲ, ಕ್ಯಾಲ್ಸಿಯಂ ಕಮ್ಮಿ. ಹಾಗಾಗಿ ಹಲ್ಲಿಗೆ ಕೊಡುವ ಮೊದಲು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಜಿರಳೆ ಬೇಡ.

ಟ್ಯಾರಂಟುಲಾಗೆ ಪುಡಿ ಬೇಕಿಲ್ಲ. ಆದರೆ ಅದು ಪೊರೆ ಕಳಚುವಾಗ ಮೈ ಬೆಣ್ಣೆಯಷ್ಟು ಮೆತ್ತಗೆ, ಆಗ ಹತ್ತಿರ ಯಾವ ಹುಳವೂ ಇರಬಾರದು. ಡೂಬಿಯಾಗೋ ಮಣ್ಣು ಕಂಡರೆ ತೂರಿಕೊಳ್ಳುವ ಚಟ. ನಾನು ಜೇಡಕ್ಕೆ ಹಾಕಿದ್ದ ಒಂದು ಹಾಗೇ ಮಾಯವಾಯಿತು. ತಿಂದಿರಬೇಕು ಅಂದುಕೊಂಡು ಸುಮ್ಮನಾದೆ. ಮೂರು ವಾರ ಕಳೆದು ನೀರಿನ ಬಟ್ಟಲು ಎತ್ತಿದರೆ, ಅಡಿಯಲ್ಲಿ ಮೊದಲಿಗಿಂತ ದಪ್ಪಗೆ ಕೂತಿತ್ತು.