4-ಮೀಥೈಲ್‌ಹಿಸ್ಟಮಿನ್: ಪದ ಪರಿಚಯ

ತೊಗರಿ ರಾಶಿಯ ದಿನಗಳಲ್ಲಿ ವಿಜಯಪುರದ ಮೆಡಿಕಲ್ ಅಂಗಡಿಗೆ ಹೊಟ್ಟಿನ ದೂಳು ಮೆತ್ತಿಕೊಂಡೇ ಬರುವ ರೈತ ಸೀನಿಗೆ ಸೆಟಿರಿಝಿನ್ ಗುಳಿಗೆಯನ್ನೂ ಎದೆಯುರಿಗೆ ಫಾಮೊಟಿಡಿನ್ ಗುಳಿಗೆಯನ್ನೂ ಒಯ್ಯುತ್ತಾನೆ. ಎರಡೂ ತಡೆಯುವುದು ಹಿಸ್ಟಮಿನ್ ಎಂಬ ಒಂದೇ ವಸ್ತುವಿನ ಕೆಲಸವನ್ನಾದರೂ ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಜೀವಕೋಶಗಳಲ್ಲಿ ಹಿಸ್ಟಮಿನ್ ಬಂದು ಕೂಡುವ ಗ್ರಾಹಿಗಳು ನಾಲ್ಕು ಬಗೆಯವು: ಸೀನು, ತುರಿಕೆ, ಪಿತ್ತದ ಗಂಧೆಗಳ ಹಿಂದಿರುವುದು ಎಚ್1, ಜಠರದಲ್ಲಿ ಆಮ್ಲ ಸುರಿಸುವುದು ಎಚ್2, ಎಚ್3 ಮುಖ್ಯವಾಗಿ ನರಕೋಶಗಳದ್ದು, ಎಚ್4 ರೋಗನಿರೋಧಕ ಕೋಶಗಳದ್ದು. (ಕೆಲವರು ‘ಗ್ರಾಹಕ’ ಎಂದು ಬರೆಯುತ್ತಾರೆ, ಅಂಗಡಿಯ ಗಿರಾಕಿಯ ನೆನಪಾಗುವುದರಿಂದ ‘ಗ್ರಾಹಿ’ಯೇ ವಾಸಿ.)

ಆ ಗುಳಿಗೆಗಳು ತಡೆಕಾರಕಗಳು. ಗ್ರಾಹಿಗೆ ಕೂಡಿ ಅದನ್ನು ಎಚ್ಚರಿಸುವ ವಸ್ತು ಪ್ರಚೋದಕ; ಉಳಿದವನ್ನು ಹೆಚ್ಚು ಮುಟ್ಟದೆ ಒಂದೇ ಬಗೆಯ ಗ್ರಾಹಿಯನ್ನು ಎಚ್ಚರಿಸಿದರೆ ಅದು ವರಣಾತ್ಮಕ ಪ್ರಚೋದಕ. 4-ಮೀಥೈಲ್‌ಹಿಸ್ಟಮಿನ್ ಅಂಥದ್ದು. ಔಷಧವಾಗಿ ಬಳಕೆಯಲ್ಲಿಲ್ಲದ, ಪ್ರಯೋಗಾಲಯದ ಸಾಧನವದು.

ಹಿಸ್ಟಮಿನ್ ಅಣುವಿನಲ್ಲಿ ಮೂರು ಇಂಗಾಲ, ಎರಡು ಸಾರಜನಕ ಪರಮಾಣುಗಳ ಉಂಗುರವೊಂದಿದ್ದು, ಅದಕ್ಕೆ ಗಿಡ್ಡ ಬಾಲವೊಂದು ಅಂಟಿಕೊಂಡಿದೆ. ಉಂಗುರದ 2ನೆಯ ಸ್ಥಾನದಲ್ಲಿ ಮೀಥೈಲ್ ಗುಂಪನ್ನು (ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ತುಣುಕು) ಕೂಡಿಸಿದರೆ ಅಣುವಿನ ಒಲವು ಎಚ್1 ಕಡೆಗೆ ವಾಲುತ್ತದೆ. 4ನೆಯ ಸ್ಥಾನದಲ್ಲಿ ಕೂಡಿಸಿದರೆ ಎಚ್1 ಮೇಲಿನ ಹಿಡಿತ ಬಹುಮಟ್ಟಿಗೆ ಹೋಗಿ, ಆಮ್ಲ ಸುರಿಸುವ ಶಕ್ತಿ ಉಳಿಯುತ್ತದೆ. ಹಳೆಯ ಅಲರ್ಜಿ ಔಷಧಗಳು ಜಠರದ ಆಮ್ಲವನ್ನು ಏಕೆ ತಡೆಯಲಾರವು ಎಂಬ ಪ್ರಶ್ನೆಗೆ ಈ ವ್ಯತ್ಯಾಸದಲ್ಲಿ ಸುಳಿವಿತ್ತು. ಬ್ರಿಟನ್ನಿನಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು 1972ರಲ್ಲಿ ಎಚ್2 ಗ್ರಾಹಿಯನ್ನೂ ಅದನ್ನು ತಡೆಯುವ ಬುರಿಮಮೈಡನ್ನೂ ಜಗತ್ತಿನ ಮುಂದಿಟ್ಟರು. ಅದೇ ದಾರಿಯಲ್ಲಿ 1976ರಲ್ಲಿ ಜಠರದ ಆಮ್ಲ ತಗ್ಗಿಸುವ ಸಿಮೆಟಿಡಿನ್ ಎಂಬ ಔಷಧ ಮಾರುಕಟ್ಟೆಗೆ ಬಂತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಂದಿತು. 4-ಮೀಥೈಲ್‌ಹಿಸ್ಟಮಿನ್‌ಗೆ ಎಚ್2 ಪ್ರಚೋದಕವೆಂಬ ಹೆಸರು ನಿಂತದ್ದು ಹೀಗೆ.

ನನಗೆ ಈ ಪದದ ನಿಜವಾದ ಸ್ವಾರಸ್ಯ ಕಾಣುವುದು ಅನಂತರದ ಕಥೆಯಲ್ಲಿ. 2000ದ ಆಸುಪಾಸಿನಲ್ಲಿ ಎಚ್4 ಪತ್ತೆಯಾಯಿತು. 2005ರಲ್ಲಿ ನಾಲ್ಕೂ ಗ್ರಾಹಿಗಳ ಮೇಲೆ ಪರೀಕ್ಷಿಸಿ ನೋಡಿದಾಗ, ಇದೇ ವಸ್ತು ಉಳಿದವುಗಳಿಗಿಂತ ನೂರು ಪಟ್ಟಿಗೂ ಹೆಚ್ಚು ಒಲವಿನಿಂದ ಎಚ್4ಕ್ಕೆ ಅಂಟುವುದು ತಿಳಿಯಿತು. ಅಣು ಬದಲಾಗಿರಲಿಲ್ಲ, ಹಳೆಯ ಅಳತೆಯೂ ತಪ್ಪಿರಲಿಲ್ಲ. ಹೋಲಿಸಿ ನೋಡಲು ಎಚ್4 ಆಗ ಗೊತ್ತಿರಲಿಲ್ಲವಷ್ಟೆ. ಆದ್ದರಿಂದ ‘ವರಣಾತ್ಮಕ’ ಎಂಬ ವಿಶೇಷಣವನ್ನು ಓದುವಾಗ ಯಾವ ಯಾವ ಗ್ರಾಹಿಗಳ ನಡುವೆ, ಎಷ್ಟು ಪಟ್ಟು ಎಂದು ಕೇಳಿಕೊಳ್ಳಬೇಕು.

ಬೆಳಗಾವಿ, ಬಾಗಲಕೋಟೆಗಳಲ್ಲಿ ಫಾರ್ಮಸಿ ಓದುವವರ ಕೈಗೆ ಹಳೆಯ ಪುಸ್ತಕ ಸಿಕ್ಕರೆ ಅದರಲ್ಲಿ ಈ ವಸ್ತು ಎಚ್2 ಸಾಲಿನಲ್ಲಿಯೇ ಇರಬಹುದು. ಅಚ್ಚಾದ ವರ್ಷವನ್ನು ನೋಡಿ ತಿದ್ದಿಕೊಳ್ಳಬೇಕು. ಎಚ್2 ಪ್ರಚೋದಕಕ್ಕೆ ಉದಾಹರಣೆ ಬೇಕಾದಲ್ಲಿ ಆಮ್ಥಮಿನ್ ಎಂದು ಬರೆಯುವುದು ಸರಿ.