ಡಯಾಲಿಸಿಸ್ ಶುರುವಾಯ್ತಾ? ಹಳೆ ಪಥ್ಯ ಬಿಡಿಸಿ

ಹೊಸನಗರದ ಕಡೆಯ ಅಜ್ಜಿಯೊಬ್ಬರು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಬರುತ್ತಾರೆ. ಸೋತ ಕಿಡ್ನಿಯ ಬದಲು ಯಂತ್ರ ಅವರ ರಕ್ತ ಸೋಸಿಕೊಡುತ್ತದೆ. ಒಂದು ದಿನ ಅವರ ಬುತ್ತಿ ತೆರೆಸಿ ನೋಡಿದೆ. ತೆಳ್ಳನೆ ಗಂಜಿ, ಒಂದು ಅಪ್ಪೆಮಿಡಿ ಉಪ್ಪಿನಕಾಯಿ. ಅಷ್ಟೇ.

"ಮೊಟ್ಟೆ ತಿನ್ನಲ್ವಾ ಅಜ್ಜಿ?"

"ಮೊದ್ಲು ತಿಂತಿದ್ದೆ. ಕಿಡ್ನಿಗೆ ಆಗಲ್ಲ ಅಂತ ಮಗ ಕೊಡಲ್ಲ."

ಮಗನ ತಪ್ಪಲ್ಲ. ಕಿಡ್ನಿ ಸೋಲುತ್ತಿರುವಾಗ ಪ್ರೊಟೀನ್ ಕಡಿಮೆ ಮಾಡಿ ಎಂದು ಹೇಳುವವರು ಆಸ್ಪತ್ರೆಯವರಾದ ನಾವೇ. ಆದರೆ ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಒಂದೊಂದು ಸಲಕ್ಕೂ 6ರಿಂದ 12 ಗ್ರಾಂನಷ್ಟು ಅಮೈನೋ ಆಮ್ಲ (ಪ್ರೊಟೀನ್ ಕಟ್ಟುವ ಸಾಮಗ್ರಿ) ರಕ್ತದಿಂದ ಸೋರಿಹೋಗುತ್ತದೆ. ಹಾಗಾಗಿ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು. 50 ಕೆಜಿ ತೂಗುವವರಿಗೆ 50-60 ಗ್ರಾಂ. ಗಂಜಿಯಲ್ಲಿ ಅದು ಎಲ್ಲಿಂದ ಬರಬೇಕು?

ಅಜ್ಜಿಯ ತೂಕ ಇಳಿದಿರಲಿಲ್ಲ. ಆದರೆ ಕೈ ಎತ್ತಿದರೆ ಬಳೆ ಮೊಣಕೈ ತನಕ ಜಾರುತ್ತಿತ್ತು. ಮೈಯ ಮಾಂಸ ಕರಗಿ ನೀರು ತುಂಬಿಕೊಂಡರೆ ತೂಕದ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಮನೆಯವರು ಬಳೆ ನೋಡಿ, ರವಿಕೆಯ ತೋಳು ನೋಡಿ. ಕೂತಲ್ಲಿಂದ ಏಳಲು ಗೋಡೆ ಹಿಡಿಯುತ್ತಾರಾ ನೋಡಿ. ವಯಸ್ಸಾಯ್ತು ಅಂತ ಸುಮ್ನೆ ಬಿಡಬೇಡಿ. ಬಚ್ಚಲಿಗೆ ತಾವೇ ನಡೆದು ಹೋಗುವ ಶಕ್ತಿ ಉಳಿಯುವುದು ಈ ಮಾಂಸದಿಂದಲೇ.

ನಿಜವಾಗಿ ಬಿಡಬೇಕಾದದ್ದು ಆ ಅಪ್ಪೆಮಿಡಿ. ಮಲೆನಾಡಿನವರಿಗೆ ಈ ಮಾತು ಹೇಳುವಾಗ ನನಗೂ ಸಂಕಟವಾಗುತ್ತದೆ. ಆದರೆ ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ನೀರು. ಆ ನೀರನ್ನೆಲ್ಲ ಯಂತ್ರ ನಾಲ್ಕು ಗಂಟೆಯಲ್ಲಿ ಎಳೆದು ತೆಗೆದಾಗ ಬಿಪಿ ಇಳಿಯುತ್ತದೆ, ಕಾಲು ಸೆಟೆದುಕೊಳ್ಳುತ್ತದೆ, ಮನೆಗೆ ಹೋದವರು ಮರುದಿನದವರೆಗೂ ಏಳುವುದಿಲ್ಲ. 'ಕಡಿಮೆ ಸೋಡಿಯಂ' ಉಪ್ಪೂ ಬೇಡ. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ, ಅದು ಜಾಸ್ತಿಯಾದರೆ ಹೃದಯಕ್ಕೆ ಅಪಾಯ. ತರಕಾರಿಯಲ್ಲೂ ಪೊಟ್ಯಾಷಿಯಂ ಇದೆ, ಹಾಗಾಗಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ. ಅದನ್ನು ಸಾರಿಗೆ ಹಾಕಬೇಡಿ.

ಹಿತ್ತಲಿನ ದಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಒಂದು ಹೋಳೂ ಕೊಡಬೇಡಿ. ಕಿಡ್ನಿ ಸೋತವರಿಗೆ ಅದು ವಿಷ. ಬಿಡದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್, ಜೀವಕ್ಕೇ ಕುತ್ತು. ತಿಂದಿದ್ದರೆ ಬಿಕ್ಕಳಿಕೆಗೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಮಗನನ್ನು ಕರೆಸಿ ಮಾತಾಡಿದೆ. ರಕ್ತದ ರಿಪೋರ್ಟ್ ನೋಡಿ ಮೊಟ್ಟೆಯ ಬಿಳಿಭಾಗ, ಮೀನು, ಕೋಳಿ ಎಷ್ಟೆಷ್ಟು ಎಂದು ಬರೆದುಕೊಟ್ಟೆ. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ, ನಿಮ್ಮವರದನ್ನು ಡಯಾಲಿಸಿಸ್ ಮಾಡಿಸುವಲ್ಲೇ ಕೇಳಿ ಬರೆಸಿಕೊಳ್ಳಿ.

ಮೊನ್ನೆ ಅಜ್ಜಿಯ ಬುತ್ತಿಯಲ್ಲಿ ಅಕ್ಕಿ ರೊಟ್ಟಿ, ಮೊಟ್ಟೆ ಬಿಳಿಯ ಪಲ್ಯ ಇತ್ತು. ಬೆಡ್ ಹತ್ತುವ ಮೊದಲು ಅರ್ಧ ತಿಂದರು. ಉಳಿದದ್ದು ಬಸ್ಸಿಗೆ ಎಂದು ಮುಚ್ಚಿಟ್ಟುಕೊಂಡರು.